ಎರಡನೆಯ ಹೆಜ್ಜೆ

1967ನೆಯ ಇಸವಿಯ ಡಿಸೆಂಬರ್ 31ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಪಟ್ಟಣದಲ್ಲಿ, ಸೊನ್ನೆಗಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿದ್ದ ಚಳಿಯಲ್ಲಿ, ನೆಲದಡಿ ಹೂಳಿದ್ದ ವಿದ್ಯುತ್ ತಂತಿಗಳ ಶಾಖವೂ ಕೈಕೊಟ್ಟು ಹುಲ್ಲಿನ ಮೈದಾನವೆಲ್ಲ ಹೆಪ್ಪುಗಟ್ಟಿ ಕಲ್ಲಾಗಿದ್ದ ಅಪರಾಹ್ನದ ಕೊನೆಯಲ್ಲಿ, ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡಕ್ಕಿಂತ ಮೂರು ಅಂಕಗಳಷ್ಟು ಹಿಂದಿದ್ದ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಗೆಲುವಿನ ಗೆರೆಯು ಒಂದು ಗಜಕ್ಕಿಂತಲೂ ಸಮೀಪದಲ್ಲಿತ್ತು. ಗಡಿಯಾರದಲ್ಲಿ ಉಳಿದಿದ್ದುದು 16 ಸೆಕೆಂಡು ಮಾತ್ರ. ಹಿಂದಿನ ಎರಡು ಯತ್ನಗಳಲ್ಲಿ ಚೆಂಡನ್ನು ಹೊತ್ತು ನುಗ್ಗಿದವನಿಗೆ ಕಾಲೂರಲು ನೆಲವೇ ಸಿಕ್ಕಿರಲಿಲ್ಲ. ಆದುದರಿಂದ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರನು ಮೂರನೆಯ ಸಲ ಚೆಂಡನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಅಪ್ಪಿಕೊಂಡು, ಬಲಬದಿಯ ಗಾರ್ಡ್ ಜೆರಿ ಕ್ರೇಮರನ ಬೆನ್ನಿಗಂಟಿ ನುಗ್ಗಿ, ಗೆರೆಯಾಚೆ ಬಿದ್ದನು. ಪ್ಯಾಕರ್ಸ್ ತಂಡವು 21–17ರಿಂದ ಗೆದ್ದಿತು. ‘ಐಸ್ ಬೌಲ್’ ಎಂಬ ಹೆಸರಿನಿಂದ ಆ ಪಂದ್ಯವು ಇಂದಿಗೂ ಅಲ್ಲಿನ ಜನರ ಬಾಯಲ್ಲಿದೆ.

ಆದರೆ ಆ ಸಂಜೆಯ ನಿಜವಾದ ವಿಶೇಷವು ಬೇರೊಂದಿತ್ತು. ದೂರದರ್ಶನದವರು ಅದೇ ಕೆಲವು ಕ್ಷಣಗಳನ್ನು ಮತ್ತೆ ಮತ್ತೆ ತೋರಿಸಿದಾಗ, ಸದಾ ಚೆಂಡಿನ ಬೆನ್ನು ಹಿಡಿದೇ ಓಡುತ್ತಿದ್ದ ಲಕ್ಷಾಂತರ ಪ್ರೇಕ್ಷಕರ ಕಣ್ಣು ಮೊದಲ ಸಲ ಚೆಂಡಿನ ಮುಂದಿದ್ದವನ ಮೇಲೆ ನಿಂತಿತು. ತನಗಿಂತ ಎತ್ತರದ ಆಳಾದ ಜೆಥ್ರೊ ಪ್ಯೂ ಎಂಬಾತನ ಎದೆಯ ಕೆಳಗೆ ಕ್ರೇಮರನು ಹೊಕ್ಕುದೂ, ಪಕ್ಕದ ಸೆಂಟರ್ ಕೆನ್ ಬೋಮನ್ನನು ಅದೇ ದೇಹಕ್ಕೆ ಇನ್ನೊಂದು ಬದಿಯಿಂದ ತಗುಲಿದುದೂ, ಇಬ್ಬರ ನಡುವೆ ಆ ದೊಡ್ಡ ಮೈ ಹಿಂದಕ್ಕೆ ಮಗುಚಿದುದೂ, ಮಗುಚಿದ ಜಾಗವೇ ಹಾದಿಯಾದುದೂ ಎಲ್ಲರಿಗೂ ಕಂಡಿತು. ಮರುವರ್ಷ ಕ್ರೇಮರನು ಪ್ರಕಟಿಸಿದ ದಿನಚರಿಗೆ ‘ಇನ್‌ಸ್ಟಂಟ್ ರೀಪ್ಲೇ’ ಎಂಬ ಹೆಸರು. ಆ ಪುನಃಪ್ರದರ್ಶನದ ನೆನಪು ಆ ಹೆಸರಿನಲ್ಲಿಯೇ ಇದೆ. ಪ್ಯೂ ಗೆರೆಯ ಬಳಿ ಮೈಯನ್ನು ಎತ್ತರಿಸಿ ಆಡುವನೆಂಬುದನ್ನು ಕ್ರೇಮರನು ಪಂದ್ಯಕ್ಕೆ ಮುನ್ನ ಫಿಲ್ಮುಗಳನ್ನು ನೋಡುತ್ತಲೇ ಗುರುತಿಸಿದ್ದನು. ಆ ನಿರ್ಣಾಯಕ ಗಳಿಗೆಯಲ್ಲಿ ಅವನು ಮೊದಲು ಮಾಡಿದ್ದಾದರೂ ಏನು? ಹೆಪ್ಪುಗಟ್ಟಿದ ನೆಲದಲ್ಲಿ ಬೂಟಿನ ಮೊಳೆ ಕಚ್ಚುವಂಥ ಒಂದಿಷ್ಟು ಮೆದು ಜಾಗವನ್ನು ಹುಡುಕಿ ಅಲ್ಲಿ ಕಾಲೂರಿದುದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ವಿಷಯದ ತಿರುಳು ಆ ಪಾದದಲ್ಲಿಯೇ ಇದೆ. ತಡೆಯುವವನ ವಿದ್ಯೆಯನ್ನು ಬರಿಯ ಬಾಹುಬಲವೆಂದು ಬಗೆದವರು ಅವನ ಕಾಲನ್ನು ನೋಡಿದವರಲ್ಲ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಸಾಕು. ಹನ್ನೊಂದು ಮಂದಿಯ ಒಂದು ಪಕ್ಷವು ಚೆಂಡನ್ನು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೊಯ್ಯಬೇಕು. ಎದುರು ಪಕ್ಷದ ಹನ್ನೊಂದು ಮಂದಿ ಅದನ್ನು ನಿಲ್ಲಿಸಬೇಕು. ಚೆಂಡನ್ನು ಮುಂದೊಯ್ಯುವ ಪಕ್ಷದ ಮುಂಚೂಣಿಯಲ್ಲಿ ಐವರು ಸಾಲಾಗಿ ಬಗ್ಗಿ ನಿಲ್ಲುವರು. ನಡುವೆ ಸೆಂಟರ್, ಅವನ ಎಡಬಲಗಳಲ್ಲಿ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಸೆಂಟರನು ತನ್ನ ಕಾಲ ಸಂದಿಯಿಂದ ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕನಿಗೆ ಕೊಟ್ಟ ಕ್ಷಣದಲ್ಲಿ ಆಟ ಮೊದಲಾಗುವುದು. ಈ ಐವರಿಗೆ, ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಅಧಿಕಾರವು ಸಾಮಾನ್ಯವಾಗಿ ಇಲ್ಲ; 50ರಿಂದ 79ರ ವರೆಗಿನ ಸಂಖ್ಯೆಯನ್ನು ಎದೆಯ ಮೇಲೆ ಧರಿಸಿ, ತಾವು ಅನಧಿಕಾರಿಗಳೆಂಬುದನ್ನು ಅವರು ಎಲ್ಲರಿಗೂ ಸಾರಿ ಹೇಳುತ್ತಲೇ ಆಡುವರು. ಅವರ ಕೆಲಸವು ಎದುರಾಳಿಯ ಮೈಗೂ ತಮ್ಮ ಕಡೆಯ ಚೆಂಡಿಗೂ ನಡುವೆ ತಮ್ಮ ಮೈಯನ್ನು ಇರಿಸುವುದು. ಇದಕ್ಕೆ ಅಲ್ಲಿ ‘ಬ್ಲಾಕ್’ ಎನ್ನುವರು. ನಾವು ತಡೆ ಎನ್ನೋಣ.

ಈ ತಡೆಯ ಇತಿಹಾಸವು ನಿಯಮಗಳ ಇತಿಹಾಸವೂ ಹೌದು. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪರು 1880ರಲ್ಲಿ ಎರಡು ಪಕ್ಷಗಳ ನಡುವೆ ಒಂದು ಗೆರೆಯನ್ನು ಕಲ್ಪಿಸಿ, ಚೆಂಡು ಒಂದು ಪಕ್ಷದ ಸ್ವಾಧೀನದಲ್ಲಿಯೇ ಇದ್ದು ಆಟವು ಅಲ್ಲಿಂದ ಪ್ರಾರಂಭವಾಗುವ ಕ್ರಮವನ್ನು ತಂದರು. ಹನ್ನೆರಡು ವರ್ಷಗಳ ತರುವಾಯ, ಹಾರ್ವರ್ಡ್ ತಂಡವು ಚದುರಂಗ ಬಲ್ಲ ಲೋರಿನ್ ಡೀಲ್ಯಾಂಡ್ ಎಂಬವರ ಯೋಜನೆಯಂತೆ ‘ಹಾರುವ ಬೆಣೆ’ಯನ್ನು ರಚಿಸಿತು. ಆಟಗಾರರು ದೂರದಿಂದ ಓಡಿಬಂದು ಬೆಣೆಯಾಕಾರದಲ್ಲಿ ಕೂಡಿ, ಚೆಂಡು ಹಿಡಿದವನನ್ನು ಒಡಲೊಳಗಿರಿಸಿಕೊಂಡು, ನಿಂತಿದ್ದ ಎದುರಾಳಿಗಳ ಮೇಲೆ ಎರಗುತ್ತಿದ್ದರು. ಮೂಳೆ ಮುರಿಯುವ ಆ ವ್ಯೂಹವನ್ನು ಎರಡು ವರ್ಷಗಳಲ್ಲಿಯೇ ನಿಷೇಧಿಸಬೇಕಾಯಿತು. ಆದರೂ ಮೈದಾನದಲ್ಲಿ ಸಾವುಗಳು ನಿಲ್ಲದಿರಲು, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ನಡುವೆ ಪ್ರವೇಶಿಸಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತು, ಎರಡು ಸಾಲುಗಳ ನಡುವೆ ತಟಸ್ಥ ಪಟ್ಟಿಯೊಂದು ಏರ್ಪಟ್ಟಿತು. ತೋಳಿಗೆ ತೋಳು ಹೆಣೆದು ಗುಂಪಾಗಿ ನುಗ್ಗುವುದೂ ಕೆಲವು ವರ್ಷಗಳಲ್ಲಿ ನಿಂತುಹೋಯಿತು. ಗುಂಪಿನ ವೇಗವನ್ನು ಕಾನೂನು ಕಸಿದುಕೊಂಡ ಮೇಲೆ ಪ್ರತಿಯೊಬ್ಬನೂ ತನ್ನೆರಡು ಕಾಲಿನ ಮೇಲೆ, ಅಂಗೈಯಗಲದ ದೂರದಿಂದ, ತನ್ನ ಮೈಬಲವನ್ನು ಹುಟ್ಟಿಸಿಕೊಳ್ಳಬೇಕಾಯಿತು. ವಿದ್ಯೆ ಹುಟ್ಟಿದುದು ಆಗ.

ಆ ವಿದ್ಯೆಯನ್ನು ನಾನು ಕಣ್ಣಾರೆ ಕಂಡುದು ದೊಡ್ಡ ಕ್ರೀಡಾಂಗಣದಲ್ಲಲ್ಲ. ಮಗಳ ಮನೆಗೆಂದು ಹೋಗಿ ಅಮೆರಿಕದ ನಡುನಾಡಿನ ಒಂದು ಸಣ್ಣ ಊರಿನಲ್ಲಿ ಎರಡು ತಿಂಗಳು ಉಳಿದಿದ್ದಾಗ, ಸಂಜೆಯ ತಿರುಗಾಟದ ಹಾದಿಯಲ್ಲಿದ್ದ ಶಾಲೆಯ ಮೈದಾನದ ಬೇಲಿಗೆ ಒರಗಿ, ಹದಿನಾರು ಹದಿನೇಳರ ಹುಡುಗರ ಅಭ್ಯಾಸವನ್ನು ನೋಡುವುದು ನನಗೆ ನಿತ್ಯದ ವಾಡಿಕೆಯಾಯಿತು. ಹುಲ್ಲಿನ ಮೇಲೆ ಒಂದು ಗೇಣಗಲದ, ಆಳುದ್ದಕ್ಕಿಂತ ಮಿಗಿಲಾದ ಹಲಗೆಯನ್ನು ಹಾಸಿದ್ದರು. ಹುಡುಗನು ಅದರ ಎರಡೂ ಬದಿಗೆ ಒಂದೊಂದು ಕಾಲಿಟ್ಟು, ಒಂದು ಕೈಯನ್ನು ನೆಲಕ್ಕೂರಿ, ಎದುರಿಗೆ ಮೆತ್ತೆ ಹಿಡಿದು ನಿಂತ ಸಂಗಾತಿಯನ್ನು ಹಲಗೆಯ ಉದ್ದಕ್ಕೂ ತಳ್ಳಿಕೊಂಡು ಹೋಗಬೇಕು. ಕಾಲುಗಳು ಒಂದಕ್ಕೊಂದು ಹತ್ತಿರ ಬಂದರೆ ಹಲಗೆಯನ್ನು ತುಳಿದು ಎಡವುವನು. ಅಗಲವಾಗಿಯೇ ಇದ್ದರೆ ಮುಂದೆ ಸಾಗುವನು. ಆಚೆಗೆ ಕಬ್ಬಿಣದ ಕೊಳವೆಗಳಿಂದ ಕಟ್ಟಿದ ತಗ್ಗು ಚಪ್ಪರವೊಂದಿತ್ತು. ಅದರಡಿಯಿಂದ ಹೊರಡುವವನು ಮೊದಲ ಹೆಜ್ಜೆಗಳಲ್ಲಿಯೇ ನೆಟ್ಟಗಾದರೆ ತಲೆ ಕೊಳವೆಗೆ ತಾಗಿ ಠಣ್ಣೆನ್ನುವುದು. ನಮ್ಮ ಗರಡಿಯ ಉಸ್ತಾದನು ಹೊಸ ಹುಡುಗನ ಮಂಡಿಯನ್ನು ಕೋಲಿನಿಂದ ಮುಟ್ಟಿ ಮುಟ್ಟಿ ಬಗ್ಗಿಸುವಂತೆ, ಅಲ್ಲಿ ಹಲಗೆಯೂ ಕೊಳವೆಯೂ ಮಾತಿಲ್ಲದೆ ಪಾಠ ಹೇಳುತ್ತಿದ್ದುವು.

ಬೇಲಿಯ ಬಳಿ ಕೆಲವು ದಿನ ನಿಂತ ಮೇಲೆ ನನ್ನ ಕಣ್ಣಿಗೂ ಒಂದು ಸೂಕ್ಷ್ಮವು ಹೊಳೆಯಿತು. ತೋಳಿನ ದಪ್ಪದಿಂದ ಗೆಲ್ಲುವವನನ್ನು ಊಹಿಸಿದರೆ ತಪ್ಪಾಗುತ್ತಿತ್ತು. ಚೆಂಡು ಅಲುಗಿದೊಡನೆ ಇಡುವ ಮೊದಲ ಹೆಜ್ಜೆಯು ತೀರ ಗಿಡ್ಡದು, ಅರ್ಧ ಅಡಿಯೂ ಇಲ್ಲ. ಮೈಯ ದಿಕ್ಕನ್ನು ತಿರುಗಿಸುವುದಷ್ಟೇ ಅದರ ಪ್ರಯೋಜನ. ಎರಡನೆಯ ಹೆಜ್ಜೆಯು ನೆಲ ಮುಟ್ಟುವ ಗಳಿಗೆಗೂ ಎದುರಾಳಿಯ ಮೈ ತಾಗುವ ಗಳಿಗೆಗೂ ನಡುವೆ ಕಣ್ಣೆವೆಯಷ್ಟು ಅಂತರವಿದ್ದರೆ, ಅಂದರೆ ಪಾದವು ಮೊದಲು ಊರಿ ಘರ್ಷಣೆಯು ಅನಂತರ ಸಂಭವಿಸಿದರೆ, ನೆಲದ ಬಲವೆಲ್ಲ ಹಿಮ್ಮಡಿಯಿಂದ ಹತ್ತಿ, ಬಗ್ಗಿದ ಮಂಡಿಯಲ್ಲಿ ಕೂಡಿಕೊಂಡು, ಸೊಂಟವು ಒಮ್ಮೆಲೆ ಬಿಚ್ಚಿಕೊಳ್ಳುವಾಗ ಎದುರಾಳಿಯ ಎದೆಗೆ ಸೇರುವುದು. ಪಾದವು ಗಾಳಿಯಲ್ಲಿರುವಾಗಲೇ ಮೈ ತಾಗಿತೋ, ಎಂಥ ಬಲಶಾಲಿಯಾದರೂ ಒಂಟಿಗಾಲಿನ ಮೇಲೆ ನಿಂತವನೇ ಸರಿ, ತಳ್ಳಿದರೆ ಬೀಳುವನು. ‘ತಗ್ಗಿದವನೇ ಗೆದ್ದವನು’ ಎಂದು ಅಲ್ಲಿನ ತರಬೇತುಗಾರರು ಹೇಳುವ ಮಾತು ಸುಳ್ಳಲ್ಲ. ಆದರೆ ತಗ್ಗಿಯೂ ಪಾದವೂರದವನು ಮುಗ್ಗರಿಸಿದ್ದನ್ನು ನಾನು ಎಷ್ಟೋ ಸಲ ಕಂಡೆನಾದುದರಿಂದ, ತಗ್ಗುವುದಕ್ಕಿಂತಲೂ ಈ ಎರಡನೆಯ ಹೆಜ್ಜೆಗೇ ನಾನು ಹಿರಿತನವನ್ನು ಕೊಡುವೆನು.

ಕುಸ್ತಿಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಸ್ಟೀಫನ್ ನೀಲ್ ಎಂಬಾತನು ಕ್ಯಾಲಿಫೋರ್ನಿಯದ ಒಂದು ವಿಶ್ವವಿದ್ಯಾಲಯದಲ್ಲಿ ಹೆವಿವೇಟ್ ಕುಸ್ತಿಯ ರಾಷ್ಟ್ರೀಯ ವಿಜೇತನಾಗಿದ್ದವನು. ಕಾಲೇಜಿನಲ್ಲಿ ಫುಟ್‌ಬಾಲನ್ನು ಒಂದು ದಿನವೂ ಆಡಿದವನಲ್ಲ. ಅವನನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವು ಸೇರಿಸಿಕೊಂಡು ಗಾರ್ಡ್ ಆಗಿ ತಿದ್ದಿತು. ಅವನು 2010ರ ವರೆಗೆ ಆ ವೃತ್ತಿಯಲ್ಲಿಯೇ ಇದ್ದನು. ಮೈಗೆ ಮೈ ತಾಗಿದಾಗ ಎದುರಾಳಿಯ ಭಾರವು ಯಾವ ಕಾಲಿನ ಮೇಲಿದೆಯೆಂಬುದು ಕುಸ್ತಿಯ ಆಳಿಗೆ ಅಂಗೈಯಿಂದಲೇ ತಿಳಿಯುವುದು. ಆಟದ ನಿಯಮಗಳನ್ನು ಓದಿ ಕಲಿಯಬಹುದು. ಈ ಅರಿವನ್ನು ಹಾಗೆ ಕಲಿಯಲಾಗದು.

ಎದುರಿಗಿರುವವನನ್ನು ನೇರವಾಗಿ ಹಿಂದಕ್ಕೆ ಅಟ್ಟುವುದು ತಡೆಯ ಮೂಲಪಾಠವಾದರೂ, ವಾಸ್ತವದಲ್ಲಿ ಬಲಕ್ಕಿಂತ ಕೋನವೇ ಹೆಚ್ಚು ಕೆಲಸ ಮಾಡುವುದು. ಪಕ್ಕದವನ ಮುಂದಿರುವ ಎದುರಾಳಿಯನ್ನು ಓರೆಯಾಗಿ, ಅವನ ಪಕ್ಕೆಗೆ ತಗುಲಿ ಒಳಕ್ಕೆ ಒತ್ತುವುದು ಒಂದು ಬಗೆ. ಹೊರಬದಿಯಲ್ಲಿ ನಿಂತವನ ಆಚೆಯ ಭುಜದ ವರೆಗೆ ಬೇಗ ಹೆಜ್ಜೆಯಿಟ್ಟು ಸುತ್ತುಗಟ್ಟುವುದು ಇನ್ನೊಂದು. ಇದು ಬಲು ಕಠಿನ, ಇಲ್ಲಿ ಮೊದಲ ಹೆಜ್ಜೆಯು ಮುಂದಕ್ಕಲ್ಲದೆ ಪಕ್ಕಕ್ಕೆ, ಕೆಲವೊಮ್ಮೆ ತುಸು ಹಿಂದಕ್ಕೆ ಕೂಡ ಬೀಳಬೇಕು. ಇಬ್ಬರು ಸೇರಿ ಒಬ್ಬನನ್ನು ತಡೆಯುವಾಗ ಇಬ್ಬರ ಸೊಂಟಗಳ ನಡುವೆ ಬೆಳಕು ಕಾಣಬಾರದು. ಅವರ ಕೈ ಆ ಒಬ್ಬನ ಮೇಲಿದ್ದರೂ ಕಣ್ಣು ಅವನ ಹಿಂದೆ ನಿಂತ ಎರಡನೆಯ ಸಾಲಿನವನ ಮೇಲಿರತಕ್ಕದ್ದು. ಆ ಹಿಂದಿನವನು ಎಡಕ್ಕೆ ಸರಿದರೆ ಎಡಗಡೆಯವನೂ ಬಲಕ್ಕೆ ಸರಿದರೆ ಬಲಗಡೆಯವನೂ ಮೊದಲಿನ ಹೊರೆಯನ್ನು ಸಂಗಾತಿಗೆ ಒಪ್ಪಿಸಿ, ಅವನತ್ತ ಹೊರಡಬೇಕು. ಒಂದು ಸೆಕೆಂಡಿನೊಳಗೆ, ಮಾತಿಲ್ಲದೆ, ಇಬ್ಬರೂ ಒಂದೇ ನಿರ್ಣಯಕ್ಕೆ ಬರಬೇಕಾದ ಈ ಸಂದರ್ಭವು ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದುದು.

ಸಾಲನ್ನು ಬಿಟ್ಟು ಹಿಂದೆ ಸರಿದು, ಅಡ್ಡಲಾಗಿ ಓಡಿ, ಬೇರೆಲ್ಲಿಯೋ ಇರುವವನನ್ನು ತಡೆಯುವುದೂ ಉಂಟು. ಪ್ಯಾಕರ್ಸ್ ತಂಡದ ತರಬೇತುಗಾರರಾಗಿದ್ದ ವಿನ್ಸ್ ಲೊಂಬಾರ್ಡಿಯವರು ಇದನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದರು. ಅವರೇ 1936ರ ಸುಮಾರಿಗೆ ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ, ‘ಏಳು ಗ್ರಾನೈಟ್ ಬಂಡೆಗಳು’ ಎಂದು ಹೆಸರಾದ ಸಾಲಿನಲ್ಲಿ ಗಾರ್ಡ್ ಆಗಿ ಆಡಿದ್ದವರು. ಅವರ ಪ್ರಸಿದ್ಧ ‘ಸ್ವೀಪ್’ ಎಂಬ ಯೋಜನೆಯಲ್ಲಿ ಕ್ರೇಮರನೂ ಅವನ ಜೊತೆಗಾರ ಫಜಿ ಥರ್ಸ್ಟನ್ನನೂ, ಗಾರ್ಡ್‌ಗಳಿಬ್ಬರೂ, ಏಕಕಾಲದಲ್ಲಿ ಸಾಲಿನಿಂದ ಕಳಚಿಕೊಂಡು ಹೊರಬದಿಗೆ ಧಾವಿಸಿ, ಚೆಂಡು ಹೊತ್ತವನ ಮುಂದೆ ಜೋಡಿಯಾಗಿ ಓಡುತ್ತಿದ್ದರು. ಇದೊಂದೇ ಯೋಜನೆಯನ್ನು ಲೊಂಬಾರ್ಡಿಯವರು ಗಂಟೆಗಟ್ಟಲೆ ವಿವರಿಸುತ್ತಿದ್ದರು, ಆಟಗಾರರಿಂದ ಸಾವಿರಾರು ಸಲ ಮಾಡಿಸುತ್ತಿದ್ದರು. ಎದುರಾಳಿಗಳಿಗೆ ಅದು ಬರುವುದೆಂದು ತಿಳಿದಿರುತ್ತಿತ್ತು; ತಿಳಿದೂ ನಿಲ್ಲಿಸಲಾಗುತ್ತಿರಲಿಲ್ಲ. ಮುಂದೆ, 1990ರ ದಶಕದ ಕೊನೆಯಲ್ಲಿ, ಡೆನ್ವರ್ ಬ್ರಾಂಕೋಸ್ ತಂಡದ ಅಲೆಕ್ಸ್ ಗಿಬ್ಸ್ ಎಂಬ ಶಿಕ್ಷಕರು, ಆ ಕಾಲಕ್ಕೆ ಹಗುರವೆನಿಸಿದ ದೇಹದ ಐವರನ್ನು ಇಟ್ಟುಕೊಂಡು, ವ್ಯಕ್ತಿಯನ್ನಲ್ಲದೆ ಕ್ಷೇತ್ರವನ್ನು ತಡೆಯುವ ಪದ್ಧತಿಯನ್ನು ಪರಿಪಕ್ವಗೊಳಿಸಿದರು. ಐವರೂ ಒಂದೇ ದಿಕ್ಕಿಗೆ ಒಂದೇ ತಾಳದಲ್ಲಿ ಹೆಜ್ಜೆಯಿಡುವರು. ತಂತಮ್ಮ ಪಾಲಿನ ಜಾಗಕ್ಕೆ ಬಂದವನನ್ನು ತಡೆಯುವರು. ಎಲ್ಲಿ ಬಿರುಕು ಬಿಡುವುದೋ ಅಲ್ಲಿಗೆ ಓಟಗಾರನು ತಿರುಗುವನು. 1998ರಲ್ಲಿ ಓಟಗಾರ ಟೆರೆಲ್ ಡೇವಿಸನು ಆ ಐವರ ಹಿಂದೆ ಓಡಿ ಗಳಿಸಿದುದು 2008 ಗಜ.

ಇಷ್ಟೂ ಮುನ್ನುಗ್ಗುವ ವಿದ್ಯೆ. ಕ್ವಾರ್ಟರ್‌ಬ್ಯಾಕನು ಚೆಂಡನ್ನು ಎಸೆಯಬೇಕಾದಾಗ ಇದೇ ಐವರು ಹಿಂದೆ ಸರಿಯುತ್ತ ಕಾಯಬೇಕು. ಈ ಹಿಂಜರಿಯುವ ವಿದ್ಯೆಯೇ ಹೆಚ್ಚು ದುಷ್ಕರವೆಂದು ನನ್ನ ಅಭಿಪ್ರಾಯ. ಮುನ್ನುಗ್ಗುವಾಗ ಉದ್ದೇಶವು ತಡೆಯುವವನದು. ಹಿಂದೆ ಸರಿಯುವಾಗ ಉದ್ದೇಶವು ಎದುರಾಳಿಯದು, ಇವನು ಅದನ್ನು ಓದಿ ಉತ್ತರ ಕೊಡಬೇಕು. ಅದರಲ್ಲಿಯೂ ಎಡಬದಿಯ ಟ್ಯಾಕಲ್‌ನ ಜವಾಬ್ದಾರಿ ದೊಡ್ಡದು, ಏಕೆಂದರೆ ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕನು ಎಸೆಯಲು ತಿರುಗಿ ನಿಂತಾಗ ಆ ಬದಿಗೆ ಅವನ ಬೆನ್ನಿರುವುದು. 1985ರ ನವೆಂಬರ್ 18ರ ರಾತ್ರಿ ಎದುರಾಳಿ ಲಾರೆನ್ಸ್ ಟೇಲರನ ಹಿಡಿತಕ್ಕೆ ಸಿಕ್ಕಿ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ನನ ಕಾಲು ಮುರಿದು, ಅವನ ಆಟವೇ ಅಲ್ಲಿಗೆ ಮುಗಿದುದನ್ನು ಕಂಡವರಿಗೆ ಈ ಕಾವಲಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆ ಟ್ಯಾಕಲ್‌ನ ಹೆಜ್ಜೆಯನ್ನು ತುಸು ಹತ್ತಿರದಿಂದ ನೋಡೋಣ. ಹೊರಗಾಲು ಹಿಂದಕ್ಕೆ ಜಾರುವುದು, ಒಳಗಾಲು ಅದನ್ನು ಹಿಂಬಾಲಿಸುವುದು. ಎರಡು ಹಿಮ್ಮಡಿಗಳು ಎಂದೂ ಕೂಡಬಾರದು, ಪಾದಗಳು ನೆಲದಿಂದ ಮೇಲೇಳದೆ ನೆಲವನ್ನು ಸವರಬೇಕು. ಬೆನ್ನು ನೇರ, ಗದ್ದ ಹಿಂದೆ, ಮಂಡಿ ಮಾತ್ರ ಬಗ್ಗಿರಬೇಕು. ಭಾರವು ಒಳಗಾಲಿನ ಮೇಲಿರಬೇಕು, ಏಕೆಂದರೆ ಕ್ವಾರ್ಟರ್‌ಬ್ಯಾಕನ ಕಡೆಗೆ ಅತ್ಯಂತ ಹತ್ತಿರದ ಹಾದಿ ಒಳಬದಿಯದು, ಅದನ್ನು ಎಂದಿಗೂ ಬಿಟ್ಟುಕೊಡಲಾಗದು. ಎದುರಾಳಿಯು ತೋಳಳತೆಗೆ ಬರುವ ತನಕ ಕೈ ಚಾಚಬಾರದು. ಮೊದಲೇ ಚಾಚಿದರೆ ಅವನು ಕೈಯನ್ನು ಕೊಡವಿ ಬಗಲಿನಿಂದ ನುಸುಳುವನು. ತಡವಾದರೆ ಎದೆಗೆ ಎದೆ ಒತ್ತಿ ಕ್ವಾರ್ಟರ್‌ಬ್ಯಾಕನ ಮಡಿಲಿಗೇ ತಂದುಬಿಡುವನು. ಸರಿಯಾದ ಗಳಿಗೆಯಲ್ಲಿ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ಹೆಬ್ಬೆರಳು ಮೇಲಾಗಿ, ಅಂಗೈಗಳನ್ನು ಅವನ ಎದೆಗೂಡಿನ ನಡುವಿಗೆ ಹಾಕಬೇಕು. ಅವನು ಇನ್ನೂ ಒತ್ತಿದರೆ ಒಮ್ಮೆ ಹಿಂದಕ್ಕೆ ಜಿಗಿದು, ಸೊಂಟವನ್ನು ಇಳಿಸಿ, ಮತ್ತೆ ಪಾದವೂರಬೇಕು. ಅಲ್ಲಿಯೂ ಅದೇ ಪಾದ, ಅದೇ ನೆಲ. ಇವೆಲ್ಲ ಎರಡೂವರೆ ಮೂರು ಸೆಕೆಂಡುಗಳ ಮಾತು. 1980ರಿಂದ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಎಡಬದಿಯನ್ನು ಹದಿಮೂರು ವರ್ಷ ಕಾಯ್ದ ಆಂಥೊನಿ ಮುನ್ಯೋಸನು ಕಾಲೇಜಿನಲ್ಲಿ ಬೇಸ್‌ಬಾಲ್ ಪಿಚರನೂ ಆಗಿದ್ದವನು. ಅಂಥ ದೊಡ್ಡ ಮೈಯಲ್ಲಿ ಅಂಥ ಹಗುರವಾದ ಪಾದಗಳಿದ್ದುದನ್ನು ಕಂಡವರು ಇಂದಿಗೂ ಅವನನ್ನೇ ಮಾದರಿಯೆಂದು ಎಣಿಸುವರು.

ಅಂಗೈಯನ್ನು ಹಾಕಬೇಕೆಂದು ಸಲೀಸಾಗಿ ಬರೆದೆ. ಆದರೆ ಆ ಹಕ್ಕು ದೊರೆತುದು ಬಹಳ ಈಚೆಗೆ. 1978ರ ವರೆಗೆ ವೃತ್ತಿಪರ ಆಟದಲ್ಲಿ ತಡೆಯುವವನು ಕ್ವಾರ್ಟರ್‌ಬ್ಯಾಕನನ್ನು ಕಾಯುವಾಗ ತೋಳು ಚಾಚಿ ಬಿಚ್ಚುಗೈಯಿಂದ ಎದುರಾಳಿಯನ್ನು ನಿಲ್ಲಿಸುವಂತಿರಲಿಲ್ಲ; ಕೈಗಳನ್ನು ಎದೆಗೆ ಒತ್ತಿಕೊಂಡು, ಭುಜ, ಮುಂದೋಳು, ಹಣೆಗಳಿಂದಲೇ ಎಲ್ಲವನ್ನೂ ನಿಭಾಯಿಸಬೇಕಿತ್ತು. ಎದುರಾಳಿಗಳಾದರೋ ಅಂಗೈ ಬೀಸಿ ಶಿರಸ್ತ್ರಾಣದ ಕಿವಿಯ ಭಾಗಕ್ಕೆ ಬಾರಿಸುತ್ತಿದ್ದರು. ಅದನ್ನು ನಿಷೇಧಿಸಿದುದೂ 1977ರಲ್ಲಿ. ಆ ತಲೆಮಾರಿನ ಹುಡುಗರಿಗೆ ತರಬೇತುಗಾರರು ಕಲಿಸುತ್ತಿದ್ದ ಮೊದಲ ಪಾಠವೇ, ಎದುರಾಳಿಯ ಎದೆಯ ಅಂಕಿಗೆ ನಿನ್ನ ಹಣೆಯನ್ನು ಇಡು ಎಂಬುದು. ಈ ಮಾತನ್ನು ನಾನು ಸಂಕಟವಿಲ್ಲದೆ ಬರೆಯಲಾರೆ.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್ ಮೈಕ್ ವೆಬ್‌ಸ್ಟರನು 1974ರಿಂದ 1990ರ ವರೆಗೆ ಹದಿನೇಳು ವರ್ಷ ಆಡಿದವನು. ವೃತ್ತಿಪರ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದ ತಂಡದವನು. ತನ್ನ ಸ್ಥಾನದಲ್ಲಿ ಸರಿಸಾಟಿಯಿಲ್ಲದವನೆಂದು ಹೆಸರಾದವನು. ಸೆಂಟರನು ಬಗ್ಗಿ, ಚೆಂಡನ್ನು ಹಿಂದಕ್ಕೆ ಕೊಟ್ಟು, ತಲೆಯೆತ್ತುವಷ್ಟರಲ್ಲಿ ಎದುರಾಳಿಯ ತಲೆ ಅವನ ತಲೆಗೆ ಬಂದಿರುತ್ತದೆ. ಮೂರ್ಛೆ ಬರಿಸುವ ದೊಡ್ಡ ಪೆಟ್ಟುಗಳಲ್ಲ ಅವು. ಯಾರೂ ಗಮನಿಸದ, ಆಟವನ್ನು ನಿಲ್ಲಿಸದ, ದಿನಕ್ಕೆ ಹತ್ತಾರು ಸಲ ಬೀಳುವ ಸಣ್ಣ ಪೆಟ್ಟುಗಳು. ಆಟವನ್ನು ಬಿಟ್ಟ ಮೇಲೆ ಅವನ ನೆನಪೂ ನಿದ್ದೆಯೂ ಬದುಕಿನ ಕ್ರಮವೂ ಒಂದೊಂದಾಗಿ ಹಾಳಾದುವು. 2002ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು. ನೈಜೀರಿಯದಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದ ರೋಗವಿಜ್ಞಾನಿ ಬೆನೆಟ್ ಒಮಾಲು ಅವರು ಅವನ ಮಿದುಳನ್ನು ಪರೀಕ್ಷಿಸಿ, ಹೊರನೋಟಕ್ಕೆ ಆರೋಗ್ಯವಾಗಿಯೇ ಕಂಡ ಆ ಅಂಗದೊಳಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಮಿದುಳು ಕ್ಷೀಣಿಸುವ ರೋಗದ ಗುರುತುಗಳನ್ನು ಕಂಡು, 2005ರಲ್ಲಿ ಪ್ರಕಟಿಸಿದರು. ವೃತ್ತಿಪರ ಫುಟ್‌ಬಾಲ್ ಆಟಗಾರನೊಬ್ಬನಲ್ಲಿ ಆ ರೋಗವನ್ನು ಗುರುತಿಸಿದುದು ಅದೇ ಮೊದಲು. ಒಬ್ಬ ಕುಶಲಕರ್ಮಿಯು ತನ್ನ ಕಸುಬಿನ ಉಪಕರಣವೆಂದು ತಲೆಯನ್ನೇ ಬಳಸಬೇಕಾಗಿ ಬಂದುದು ಅವನ ದೋಷವಲ್ಲ. ಹಾಗೆ ಕಲಿಸಿದವರದೂ, ಕಲಿಸುವುದನ್ನು ಅನಿವಾರ್ಯಗೊಳಿಸಿದ ನಿಯಮಗಳದೂ ಅದರಲ್ಲಿ ಪಾಲಿದೆ. 2022ರಿಂದ ವೃತ್ತಿಪರ ತಂಡಗಳ ಅಭ್ಯಾಸ ಶಿಬಿರಗಳಲ್ಲಿ ಮುಂಚೂಣಿಯ ಆಟಗಾರರು ಶಿರಸ್ತ್ರಾಣದ ಮೇಲೆ ಮೆತ್ತನೆಯ ಇನ್ನೊಂದು ಟೊಪ್ಪಿಗೆಯನ್ನು ಧರಿಸಬೇಕೆಂದು ವಿಧಿಸಿರುವರು. ಮೆತ್ತೆಯು ಪೆಟ್ಟನ್ನು ತುಸು ತಗ್ಗಿಸೀತು. ತಲೆಯನ್ನು ಹಿಂದಿಟ್ಟು ಕೈಯನ್ನು ಮುಂದಿಡುವ ವಿದ್ಯೆಯು ಇನ್ನೂ ಹೆಚ್ಚು ತಗ್ಗಿಸೀತೆಂದು ನಾನು ನಂಬಿರುವೆನು.

ಕೈಗೂ ಮಿತಿಯುಂಟು. ಎದುರಾಳಿಯ ಎದೆಯ ಚೌಕಟ್ಟಿನೊಳಗೆ ಕೈಯಿರುವ ತನಕ, ಪಾದಗಳು ಅವನ ಮುಂದೆಯೇ ಇರುವ ತನಕ, ಬಟ್ಟೆಯು ಬೆರಳಿಗೆ ಸಿಕ್ಕಿದರೂ ಪಂಚರು ಸಾಮಾನ್ಯವಾಗಿ ಮನ್ನಿಸುವರು. ಅವನು ಪಕ್ಕಕ್ಕೆ ದಾಟಿದ ಮೇಲೆಯೂ ಕೈ ಬಿಡದೆ ಎಳೆದರೆ ತಪ್ಪಿನ ಗುರುತಾದ ಹಳದಿ ಬಟ್ಟೆ ನೆಲಕ್ಕೆ ಬೀಳುವುದು, ತಂಡವು ಹತ್ತು ಗಜ ಹಿಂದೆ ಸರಿಯಬೇಕಾಗುವುದು. ಈ ಅಪರಾಧವು ಕೈಯದೆಂದು ಕಾಣುವುದಾದರೂ ಬಹುಮಟ್ಟಿಗೆ ಕಾಲಿನದು. ಹೆಜ್ಜೆ ತಡವಾದವನೇ ಹಿಡಿದೆಳೆಯುವವನು.

ಆ ಶಾಲೆಯ ಮೈದಾನದಲ್ಲಿ ಒಬ್ಬ ದುಂಡುಮುಖದ ಹುಡುಗನಿದ್ದನು. ಹಲಗೆಯ ಮೇಲೆ ಅವನ ಸರದಿ ಬಂದಾಗಲೆಲ್ಲ ತಲೆ ಮುಂದೆ, ಕೈ ಹಿಂದೆ. ತರಬೇತುಗಾರನು ಗದರಲಿಲ್ಲ; ಪ್ರತಿ ಸಲವೂ ಸೀಟಿಯೂದಿ ನಿಲ್ಲಿಸಿ, ಮಂಡಿಯೂರಿ ಕುಳಿತು, ಹುಡುಗನ ಬಲಪಾದವನ್ನು ಎರಡು ಕೈಗಳಿಂದ ಹಿಡಿದು ಹಲಗೆಯಿಂದ ನಾಲ್ಕು ಬೆರಳಿನಷ್ಟು ಆಚೆ ಇಟ್ಟು, ಗದ್ದವನ್ನು ಬೆರಳಿನಿಂದ ಮೇಲೆತ್ತಿ, ಮತ್ತೆ ಹೊರಡಿಸುತ್ತಿದ್ದನು. ನಾನು ಊರಿಗೆ ಹೊರಡುವ ಹಿಂದಿನ ಸಂಜೆ, ಬೆಳಕು ಕಂದುತ್ತಿದ್ದಾಗ, ಅವನ ಸರದಿ ಮತ್ತೊಮ್ಮೆ ಬಂದಿತು. ಎರಡನೆಯ ಹೆಜ್ಜೆ ಹುಲ್ಲಿಗೆ ಬಿದ್ದುದನ್ನು ಬೇಲಿಯಿಂದಲೇ ಕಂಡೆನು. ಅದರ ಬೆನ್ನಿಗೆ ಎರಡು ಅಂಗೈಗಳೂ ಒಟ್ಟಿಗೆ ಮೆತ್ತೆಗೆ ತಾಗಿದ ಸದ್ದು ಕೇಳಿಸಿತು, ಮೆತ್ತೆ ಹಿಡಿದವನು ಹಲಗೆಯ ಕೊನೆಯ ವರೆಗೂ ಹಿಂದೆ ಹಿಂದೆ ಹೋದನು. ತರಬೇತುಗಾರನು ಏನನ್ನೂ ಹೇಳದೆ, ಮುಂದಿನವನನ್ನು ಕರೆದನು.